ನಿಟ್ಟೂರಿನ ಹನ್ನೊಂದು ಬೀಟೆ

ಬಾಣಲೆಯಲ್ಲಿದ್ದ ಹರಳುಗಳನ್ನು ಬಿಂದುಶ್ರೀ ಮರದ ಸೌಟಿನಿಂದ ಮೆಲ್ಲಗೆ ತಿರುವುತ್ತಿದ್ದಳು. ಎಲೆಗಳ ತೇವವನ್ನೆಲ್ಲ ಹೀರಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿದ ಸಿಲಿಕಾ ಹರಳು ಅದು. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ, ಉರಿ ಒಂಚೂರು ಹೆಚ್ಚಾದರೂ ಸುಟ್ಟು ಕಪ್ಪಾಗಿ ಎಸೆಯಬೇಕಾಗುತ್ತದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ರಕ್ಷಾ ಹೊಸ ಕವರುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಬೆಳಿಗ್ಗೆಯಿಂದ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಕೆಳಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಿಗೋ ಪೈಪು ಕೊಯ್ದು ಕೊಡುತ್ತಿದ್ದ ಸದ್ದು ಮಹಡಿಯ ನೆಲವನ್ನು ಹಾದು ಅಂಗಾಲಿಗೆ ಮುಟ್ಟುತ್ತಿತ್ತು. ಬಿಂದುಶ್ರೀ ಸುಮ್ಮನಿರುವುದು ಯಾರಿಗೂ ಹೊಸದಲ್ಲ. ಅವಳು ಸುಮ್ಮನಿದ್ದರೆ ಇದ್ದಾಳೆ ಎಂಬುದನ್ನೇ ಜನ ಮರೆಯುತ್ತಾರೆ. ಆದರೆ ರಕ್ಷಾ ಬಾಯಿ ಮುಚ್ಚಿ ಕೂರುವವಳಲ್ಲ. ಚೀಟಿ ಅಂಟಿಸುವಾಗ ಹಾಡುತ್ತಾಳೆ, ಹಾಡದಿದ್ದರೆ ತೀರ್ಥಹಳ್ಳಿಯ ತನ್ನ ಅಕ್ಕನ ಜೊತೆ ಫೋನಿನಲ್ಲಿ ನಗುತ್ತಾಳೆ. ಇವತ್ತು ಅಂಟಿಸಿದ ಚೀಟಿಯನ್ನೇ ಮತ್ತೆ ಕಿತ್ತು ನೇರ ಮಾಡಿ ಅಂಟಿಸುತ್ತಿದ್ದಳು. ಅಂದರೆ ಅವಳಿಗೆ ಏನೋ ಗೊತ್ತಾಗಿದೆ. ಹನ್ನೊಂದು ಗಂಟೆಗೆ ಯಶೋಧಾ ಮೇಡಂ ಬರುತ್ತಾರೆ, ಲ್ಯಾಬಿನಿಂದ ನಿಟ್ಟೂರಿನ ಎಲೆಗಳ ಫಲಿತಾಂಶ ತರುತ್ತಾರೆ. ಅದು ಬಿಂದುಶ್ರೀಗೆ ತಿಳಿದದ್ದು ಜೀಪು ಓಡಿಸುವ ಕಾಂತರಾಜನಿಂದ; ರಕ್ಷಾಳಿಗೆ ಮಾತ್ರ ಮೇಡಂ ತಾವೇ ಫೋನ್ ಮಾಡಿರುತ್ತಾರೆ. ಏನೆಂದು ಕೇಳಬಹುದಿತ್ತು. ಕೇಳಲಿಲ್ಲ. ಬಾಣಲೆಯ ಅಂಚಿನ ಹರಳು ಮೊದಲು ನೇರಳೆಯಾಗಿ, ಆಮೇಲೆ ನೀಲಿಯಾಗುವುದನ್ನು ನೋಡುತ್ತ ಒಳಗೊಳಗೇ ಹಿಗ್ಗಿದಳು.

ಮೊದಲ ವರ್ಷ ಈ ಕೋಣೆಯಲ್ಲಿ ಇದ್ದದ್ದು ಮೇಡಂ ಮತ್ತು ಅವಳು, ಇಬ್ಬರೇ. ಬೀಟೆ ಮರದ ಎಲೆ ತಂದು ಒಣಗಿಸಿ ದೂರದ ಲ್ಯಾಬಿಗೆ ಕಳಿಸುವ ಕೆಲಸ. ಯಾಕೆ ಎಂದು ಅವಳು ಕೇಳಿರಲಿಲ್ಲ, ಮೇಡಮ್ಮೇ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಹೇಳಿದ್ದರು. ಪ್ರತಿ ಮರದ ಎಲೆಯೊಳಗೂ ಅದರ ವಂಶದ ಗುರುತು ಇರುತ್ತದೆ. ಅದನ್ನು ಓದಲು ಬರುವ ಹಾಗೆ ಮಾಡಿಟ್ಟರೆ, ನಾಳೆ ಎಲ್ಲಾದರೂ ಕದ್ದು ಕಡಿದ ನಾಟಾ ಸಿಕ್ಕಿದಾಗ ಇದು ಸಾಗರದ ಕಾಡಿನದು, ಇದು ನಿಟ್ಟೂರಿನದು ಎಂದು ಬೆರಳಿಟ್ಟು ತೋರಿಸಬಹುದು. ಒಳ್ಳೆಯ ಬೀಟೆಯ ಬೀಜ ಎಲ್ಲಿಂದ ತರಬೇಕೆಂದೂ ತಿಳಿಯಬಹುದು. "ನಿಮ್ಮಪ್ಪನ ಮುಖ ನಿನಗೆ ಬಂದಿದೆಯಲ್ಲ, ಹಾಗೆ" ಎಂದಿದ್ದರು ಮೇಡಂ. ಅಪ್ಪ ಬೆಳ್ಳಪ್ಪ ಆನಂದಪುರದ ಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದವನು. ಮನೆಗೆ ಬಂದಾಗ ಅವನ ಅಂಗಿಯ ಹೊಟ್ಟಿನ ವಾಸನೆಯಿಂದಲೇ ಅವಳು ಇವತ್ತು ಹೊನ್ನೆ, ಇವತ್ತು ಮತ್ತಿ, ಇವತ್ತು ಬೀಟೆ ಎಂದು ಹೇಳುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ, ಮತ್ತು ಅದು ವಿದ್ಯೆ ಎಂದು ಮೊದಲು ಹೇಳಿದವರು ಮೇಡಂ. "ನನ್ನ ಕಣ್ಣು ನೀನು" ಎಂದಿದ್ದರು. ಆ ಮಾತನ್ನು ಅವಳು ಯಾರಿಗೂ, ಅವ್ವ ಹುಲಿಗೆಮ್ಮನಿಗೂ, ಹೇಳಿರಲಿಲ್ಲ. ಆಗ ಚೀಟಿಯನ್ನು ಅವಳೇ ಬರೆಯುತ್ತಿದ್ದಳು. ಊರು, ತಾರೀಕು, ಮರದ ಸಂಖ್ಯೆ. ಗುಂಡಗಿನ ಅಕ್ಷರ, ಪೆನ್ಸಿಲಿನಲ್ಲಿ, ಒತ್ತಿ. ರಕ್ಷಾ ಬಂದ ಮೂರನೇ ದಿನ ಮೇಡಂ, "ಇನ್ಮೇಲೆ ಚೀಟಿ ರಕ್ಷಾ ಬರೀಲಿ, ಇಂಗ್ಲಿಷಲ್ಲಿರ್ಬೇಕು" ಎಂದರು. ಬೈದದ್ದಲ್ಲ. ಪೆನ್ಸಿಲನ್ನು ಬಿಂದುಶ್ರೀಯ ಕೈಯಿಂದ ತೆಗೆದುಕೊಂಡು ರಕ್ಷಾಳ ಕೈಗೆ ಕೊಟ್ಟರು, ಅಷ್ಟೆ. ರಕ್ಷಾ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು, ಆ ತುದಿಯನ್ನು ಬಿಂದುಶ್ರೀ ಕಚ್ಚಿ ಕಚ್ಚಿ ಹಲ್ಲಿನ ಗುರುತು ಮೂಡಿಸಿದ್ದಳು ಎಂಬುದನ್ನೂ ನೋಡದೆ.

ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ರಕ್ಷಾ ಕೆಟ್ಟವಳಲ್ಲ. ತೀರ್ಥಹಳ್ಳಿಯ ಗೌಡರ ಮನೆಯ ಹುಡುಗಿ, ಎಂ.ಎಸ್ಸಿ. ಮುಗಿಸಿದವಳು, ಆದರೂ ನೆಲದ ಮೇಲೆ ಕೂತು ಇವಳ ಡಬ್ಬಿಯ ಚಟ್ನಿಗೆ ಕೈ ಹಾಕುತ್ತಾಳೆ. "ಬಿಂದೂ, ನಿಂಗೆ ಇದು ಆಗ್ತದಾ ನೋಡೇ, ನಂಗೆ ಬಿಗಿ" ಎಂದು ಕ್ಯಾನ್ವಾಸ್ ಶೂ ಕೊಟ್ಟಿದ್ದಳು. ಬಿಂದುಶ್ರೀಗೆ ಅದು ಸಡಿಲವಾಗಿತ್ತು. ಬಿಗಿ ಎಂದದ್ದು ಸುಳ್ಳು, ಕೊಡುವುದಕ್ಕಾಗಿ ಹೇಳಿದ ಸುಳ್ಳು. ಮುಂದೆ ಬಟ್ಟೆ ತುರುಕಿ ಹಾಕಿಕೊಂಡಳು. ಕಾಡಿನಲ್ಲಿ ಅದೇ ಶೂ ತೊಟ್ಟು ಅದೇ ಹುಡುಗಿಯ ಹಿಂದೆ ನಡೆಯುವಾಗ ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದು ಕೂತು ಎದ್ದು ಕೂತು ಸಪ್ಪಳವಾಗುತ್ತಿತ್ತು. ಜೀಪಿನಲ್ಲಿ ಮೇಡಂ ಪಕ್ಕದ ಜಾಗವೂ ಯಾವ ದಿನ ರಕ್ಷಾಳದಾಯಿತೆಂದು ಹೇಳಲಾಗದು. ಒಂದು ಸಲ ನಕ್ಷೆ ನೋಡಲು ಕೂತವಳು ಮತ್ತೆ ಏಳಲಿಲ್ಲ. ಬಿಂದುಶ್ರೀ ಹಿಂದೆ ಎಲೆ ಕೀಳುವ ದೋಟಿಯ ಜೊತೆ, ಚೀಲಗಳ ಜೊತೆ. ಮುಂದಿನಿಂದ ತುಂಡು ತುಂಡಾಗಿ ಇಂಗ್ಲಿಷು ಬರುತ್ತಿತ್ತು, ನಗು ಬರುತ್ತಿತ್ತು. ಅವರಿಬ್ಬರ ತಲೆಯ ನಡುವಿನ ಅಂತರ ಎಷ್ಟೆಂದು ಅವಳು ದಿನಾ ಅಳೆಯುತ್ತಿದ್ದಳು. ರಾಮಚಂದ್ರಾಪುರದ ದಾರಿಯಲ್ಲಿ ಒಂದು ಗೇಣು. ನಗರ ಊರಿನ ತಿರುವುಗಳಲ್ಲಿ ನಾಲ್ಕು ಬೆರಳು. ತನಗೆ ಇಷ್ಟು ಕೆಟ್ಟ ಕಣ್ಣು ಎಲ್ಲಿಂದ ಬಂತು ಎಂದು ಆಶ್ಚರ್ಯವೂ ಆಗುತ್ತಿತ್ತು. ಇದೇ ಕಣ್ಣಲ್ಲವೇ ಮೇಡಂ ಹೊಗಳಿದ್ದು.

ಮುಂದಿನ ತಿಂಗಳು ಇಲ್ಲಿಯ ಕೆಲಸ ಮುಗಿಯುತ್ತದೆ. ಆಮೇಲೆ ತೀರ್ಥಹಳ್ಳಿ ಕಡೆ ಮೂರು ವರ್ಷ. ಇಬ್ಬರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ, ಒಬ್ಬರೇ ಎಂದು ಮೇಡಂ ಯುಗಾದಿಗೆ ಮುಂಚೆಯೇ ಹೇಳಿದ್ದರು. ಯಾರೆಂದು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವಿಲ್ಲ ಎಂದು ಕಾಂತರಾಜ ಕಣ್ಣಿನಲ್ಲೇ ಹೇಳಿದ್ದ. ಹಾಗಾಗಿ ನಿಟ್ಟೂರಿಗೆ ಹೋದ ದಿನ, ಏಪ್ರಿಲ್ಲಿನ ಆ ಸುಡುವ ಬೆಳಿಗ್ಗೆ, ಅವಳು ಎದ್ದದ್ದೇ ಇವತ್ತು ಏನಾದರೂ ಆಗಲಿ ಎಂದುಕೊಂಡು. ಮೇಡಂ ಆ ದಿನ ಇರಲಿಲ್ಲ. ಆ ಭಾಗದಿಂದ ಮೂವತ್ತು ಮರ ಬೇಕಿತ್ತು, ಒಂದೊಂದರ ನಡುವೆ ಐವತ್ತು ಮೀಟರ್ ಇರಬೇಕು ಎಂಬುದು ಮೇಡಂ ನಿಯಮ. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಸಿಕ್ಕಿದ್ದವು. ರಕ್ಷಾಳ ಕಾಲಿಗೆ ಮುಳ್ಳು ಹೊಕ್ಕು ಕುಂಟುತ್ತಿದ್ದಳು. ಆಗ ಹಳೆಯ ಅಗಳದ ಪಕ್ಕ ಸಾಲಾಗಿ ಹನ್ನೊಂದು ಬೀಟೆ ಕಂಡವು. ಯಾವ ಕಾಲದಲ್ಲೋ ಯಾರೋ ಗಡಿಗೆಂದು ತೋಡಿದ ಕಂದಕ ಅದು, ಅರ್ಧ ಮುಚ್ಚಿಹೋಗಿತ್ತು. "ಅಯ್ಯಪ್ಪ, ದೇವರೇ ಇಟ್ಟ ಹಾಗಿದೆಯಲ್ಲೇ!" ಎಂದು ರಕ್ಷಾ ಕೈ ಮುಗಿದಳು. ಬಿಂದುಶ್ರೀ ತಲೆಯೆತ್ತಿ ನೋಡಿದಳು. ಸುತ್ತಲಿನ ಬೇರೆ ಬೀಟೆಗಳು ಕೆಲವು ಇನ್ನೂ ಬೋಳಾಗಿದ್ದವು, ಕೆಲವು ಆಗಲೇ ಹಸಿರು ತುಂಬಿಕೊಂಡಿದ್ದವು. ಈ ಹನ್ನೊಂದೂ ಒಂದೇ ದಿನ ಚಿಗುರಿದ್ದವು. ಒಂದೇ ತೆಳು ತಾಮ್ರದ ಬಣ್ಣ. ದೋಟಿಯಿಂದ ಒಂದು ಟೊಂಗೆ ಬಗ್ಗಿಸಿ ನೋಡಿದರೆ ತುದಿಯ ಎಲೆ ಒಂದು ಪಕ್ಕಕ್ಕೆ ಸೊಟ್ಟ. ಪಕ್ಕದ ಮರದ್ದೂ ಅದೇ ಪಕ್ಕಕ್ಕೆ ಸೊಟ್ಟ. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅಗಳ ತೋಡುವಾಗ ಬೀಟೆಯ ಬೇರು ಕಡಿದರೆ, ಕಡಿದಲ್ಲೆಲ್ಲ ಕುಡಿ ಏಳುತ್ತದೆ. ಆ ಕುಡಿ ಮರವಾಗಿ, ಮತ್ತೆ ಅಗಳ ಹೂಳೆತ್ತಿದಾಗ ಅದರ ಬೇರೂ ಕಡಿದು ಮತ್ತೊಂದು ಕುಡಿ. ಆನಂದಪುರದಲ್ಲಿ ಮಣ್ಣು ತೆಗೆದ ಗುಂಡಿಯೊಂದರ ಗೋಡೆಯಲ್ಲಿ ಅಪ್ಪ ತೋರಿಸಿದ್ದ, ಮೂರು ಮರ, ನಡುವೆ ತೊಡೆಗಾತ್ರದ ಒಂದೇ ಬೇರು. "ನೋಡಾಕೆ ಮೂರು ಮಗಾ, ಇರೋದು ಒಂದೇಯ" ಎಂದಿದ್ದ. ಈ ಹನ್ನೊಂದೂ ಒಂದೇ ಮರ. ಮೇಡಂ ಲೆಕ್ಕದಲ್ಲಿ ಇವುಗಳಿಂದ ತೆಗೆಯಬೇಕಾದದ್ದು ಒಂದೇ ಎಲೆ. ಬಾಯಿ ತೆರೆದಳು. ರಕ್ಷಾ ಆಗಲೇ ಜೀಪಿನ ಕಡೆ ಕುಂಟುತ್ತ, "ನೀ ಎಲೆ ಹಾಕ್ತಾ ಹೋಗೇ ಬಿಂದು, ಚೀಟಿ ಎಲ್ಲಾ ಬರ್ದಿಟ್ಟಿದೀನಿ. ನಿಂಗೇನ್ ಹೇಳ್ಕೊಡ್ಬೇಕಾ?" ಎಂದಳು. ಬಿಂದುಶ್ರೀ ತೆರೆದ ಬಾಯಿ ಮುಚ್ಚಿಕೊಂಡಳು.

ಹೆಜ್ಜೆ ಎಣಿಸಿದಳು. ಮರದಿಂದ ಮರಕ್ಕೆ ಹದಿನಾಲ್ಕು, ಹನ್ನೆರಡು, ಹದಿನಾರು. ಒಂದೊಂದು ಮರದ ಎಲೆಯನ್ನೂ ಅದರದೇ ಕವರಿಗೆ ಹಾಕಿದಳು, ಒರೆಸಿ, ಹರಳು ಸುರಿದು, ಜಿಪ್ ಎಳೆದು. ಅಷ್ಟು ಪ್ರಾಮಾಣಿಕವಾಗಿ ಅವಳು ಯಾವತ್ತೂ ಕೆಲಸ ಮಾಡಿರಲಿಲ್ಲ. ವಾಪಸು ಬಂದಾಗ ರಕ್ಷಾ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಪಟ್ಟಿ ತುಂಬುತ್ತಿದ್ದಳು. ಅಂತರ ಎಂಬ ಕಡೆ ಹನ್ನೊಂದು ಸಾಲಿಗೂ ಐವತ್ತು, ಐವತ್ತೈದು, ಐವತ್ತು ಎಂದು ಬರೆಯುತ್ತಿದ್ದಳು. ಇಂಗ್ಲಿಷ್ ಓದಲು ಬಾರದಿದ್ದರೂ ಬಿಂದುಶ್ರೀಗೆ ಅಂಕೆ ಬರುತ್ತದೆ. ಅದನ್ನು ನೋಡಿದಾಗ ಎದೆಯಲ್ಲಿ ಆದದ್ದು ಸಂತೋಷವೇ, ಬೇರೆ ಹೆಸರು ಕೊಡುವ ಹಾಗಿಲ್ಲ. ಆವತ್ತಿನಿಂದ ಐದು ವಾರ ಅವಳು ಈ ದಿನವನ್ನು ಮನಸ್ಸಿನಲ್ಲಿ ಆಡಿಸಿಕೊಂಡೇ ಮಲಗುತ್ತಿದ್ದಳು. ಮೇಡಂ ಕಾಗದ ಹರಡುತ್ತಾರೆ. ಹನ್ನೊಂದೂ ಒಂದೇ ಎನ್ನುತ್ತಾರೆ. ರಕ್ಷಾಳ ಮುಖ ಕೆಂಪಾಗುತ್ತದೆ. ಮೇಡಂ ಇವಳ ಕಡೆ ತಿರುಗಿ, "ನೀನು ಹೇಳು ಬಿಂದು, ನನ್ನ ಕಣ್ಣು ನೀನು" ಎನ್ನುತ್ತಾರೆ. ಅಲ್ಲಿಂದ ಮುಂದೆ ಅವಳಿಗೆ ಏನೂ ಬೇಕಿರಲಿಲ್ಲ.

ಮೆಟ್ಟಿಲ ಮೇಲೆ ಮೊದಲು ಕಾಂತರಾಜನ ಧ್ವನಿ ಬಂತು. "ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಹರಳು ಹುರಿಯದು! ನಮಗೆ ನಾಕು ಶೇಂಗಾ ಹುರ್ದಿಟ್ಟಿದ್ರೆ ಪುಣ್ಯ ಬರ್ತಿತ್ತು." ಅವನ ಹಿಂದೆ ಮೇಡಂ ಬಂದರು. ನಗಲಿಲ್ಲ. ಬ್ಯಾಗನ್ನು ಮೇಜಿನ ಮೇಲಿಟ್ಟು ಒಂದು ಉದ್ದನೆಯ ಕಾಗದ ಬಿಚ್ಚಿದರು. ಬಿಂದುಶ್ರೀ ಒಲೆ ಆರಿಸಿ ಕೈ ಒರೆಸಿಕೊಂಡು ಗೋಡೆಗೆ ಒರಗಿ ನಿಂತಳು. ಕಾಗದದ ಮೇಲೆ ಒಂದೊಂದು ಮರಕ್ಕೆ ಒಂದೊಂದು ಕಂಬ, ಕಂಬದಲ್ಲಿ ಕಪ್ಪು ಅಡ್ಡ ಗೆರೆಗಳು, ಮೇಲೆ ಕೆಳಗೆ, ಒಂದರ ಹಾಗೆ ಇನ್ನೊಂದಿಲ್ಲ. ಕೊನೆಯ ಹನ್ನೊಂದು ಕಂಬಗಳಲ್ಲಿ ಮಾತ್ರ ಗೆರೆಗಳು ಒಂದೇ ಎತ್ತರಕ್ಕೆ, ಏಣಿಯ ಮೆಟ್ಟಿಲ ಹಾಗೆ, ಸಾಲಾಗಿ ಕೂತಿದ್ದವು. ಯಾರೂ ಹೇಳಿಕೊಡದೆ ಅವಳಿಗೆ ಅದು ಓದಲು ಬಂತು.

"ಹನ್ನೊಂದು ಕವರಲ್ಲೂ ಒಂದೇ ಮರದ ಎಲೆ ಇದೆ" ಎಂದರು ಮೇಡಂ. "ಎರಡು ಸಲ ಮಾಡಿ ನೋಡಿದೀನಿ. ಬೇರಿನ ಕುಡಿ ಇರಬಹುದಾ ಅಂತ ಪಟ್ಟಿ ತೆಗೆದೆ. ಐವತ್ತು ಮೀಟರ್ ಅಂತರ ಇದೆ, ಎಲ್ಲಾದಕ್ಕೂ. ಅಷ್ಟು ದೂರ ದೂರಕ್ಕೆ ಹನ್ನೊಂದು ಮರ, ಒಂದೇ ಬೇರಿನವು ಆಗಲ್ಲ." ಆಮೇಲೆ ಅವರು ತಿರುಗಿದ್ದು ಇವಳ ಕಡೆಗೇ. ಆದರೆ ಅವಳು ಐದು ವಾರ ಕಂಡ ಮುಖ ಅದಾಗಿರಲಿಲ್ಲ. "ಬಿಂದು, ಎಲೆ ಹಾಕಿದ್ದು ನೀನಲ್ವಾ? ಬಿಸಿಲಿತ್ತು, ಸುಸ್ತಾಗಿತ್ತು, ಒಂದೇ ಮರದ್ದು ಕಿತ್ತು ಹಾಕಿಬಿಟ್ಟೆ ಅಂದ್ರೆ ಅಂದುಬಿಡು. ನಾನು ಬೈಯಲ್ಲ."

ಇದು ಅವಳ ಲೆಕ್ಕದಲ್ಲೇ ಇರಲಿಲ್ಲ. ಕೆನ್ನೆಯಿಂದ ಕಿವಿಗೆ ಬಿಸಿ ಏರಿತು. ಹಾಗೂ ಯೋಚಿಸಬಹುದು ಎಂದು, ತನ್ನ ಬಗ್ಗೆ ಹಾಗೆ ಯೋಚಿಸಬಹುದು ಎಂದು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. "ಇಲ್ಲ ಮೇಡಂ. ಒಂದೊಂದ್ ಮರದ್ದೂ ಬ್ಯಾರೆ ಬ್ಯಾರೆ ಹಾಕಿದೀನಿ" ಎಂದಳು. ಧ್ವನಿ ತನಗೇ ಸುಳ್ಳಿನ ಹಾಗೆ ಕೇಳಿಸಿತು.

"ನಮ್ ಬಿಂದು ಅಷ್ಟೆಲ್ಲ ಮೋಸ ಮಾಡೋ ಗಿರಾಕಿ ಅಲ್ಲ ಬಿಡಿ ಮೇಡಂ" ಎಂದ ಕಾಂತರಾಜ. "ಮೋಸ ಮಾಡಕ್ಕೂ ನಾಕು ಮಾತು ಬರ್ಬೇಕಲ." ಅದು ಅವಳ ಪರವಾಗಿ ಹೇಳಿದ ಮಾತು. ಅದಕ್ಕೇ ಹೆಚ್ಚು ಚುಚ್ಚಿತು. ಐವತ್ತಲ್ಲ, ಹದಿನಾಲ್ಕು ಹೆಜ್ಜೆ, ಹನ್ನೆರಡು ಹೆಜ್ಜೆ ಎಂದು ಹೇಳಿದರೆ ಮುಗಿಯಿತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಕಾದಳು. ರಕ್ಷಾ ತಾನೇ ಸಿಕ್ಕಿಬೀಳಲಿ. ಮೇಡಂ ಇನ್ನೊಂದು ಪ್ರಶ್ನೆ ಕೇಳಲಿ, ಅದಕ್ಕೆ ಅವಳು ಮತ್ತೊಂದು ಸುಳ್ಳು ಹೇಳಲಿ, ಆಮೇಲೆ.

"ಮೇಡಂ." ರಕ್ಷಾ ಎದ್ದು ನಿಂತಿದ್ದಳು. ಬೆರಳಿಗೆ ಚೀಟಿಯೊಂದು ಅಂಟಿಕೊಂಡಿತ್ತು. "ಐವತ್ತು ಅಂತ ನಾನೇ ಬರ್ದಿದ್ದು. ಅಳ್ದಿರಲಿಲ್ಲ. ನಾನು ಮರದ ಹತ್ರ ನಿಂತೇ ಇರ್ಲಿಲ್ಲ, ಜೀಪಲ್ಲಿ ಕೂತಿದ್ದೆ. ಕಾಲಿಗೆ ಮುಳ್ಳಾಗಿತ್ತು. ಹತ್ತು ಹದಿನೈದು ಮೀಟರ್ ಇದ್ದಿರ್ಬೋದು ಅಷ್ಟೆ. ನಿನ್ನೆ ನೀವು ಫೋನ್ ಮಾಡಿದಾಗ್ಲೇ ಹೇಳ್ಬೇಕಿತ್ತು. ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ ಮೇಡಂ. ಬಿಂದುದು ಏನೂ ತಪ್ಪಿಲ್ಲ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಎಷ್ಟು ಸುಲಭವಾಗಿ ಅತ್ತಳು! ಮೂಗು ಕೆಂಪಾಗಿ, ಮಗುವಿನ ಹಾಗೆ. ಮೇಡಂ ಒಂದು ಕ್ಷಣ ನೆಟ್ಟಗೆ ಅವಳನ್ನೇ ನೋಡಿದರು, ಆಮೇಲೆ ಕಾಗದವನ್ನು ನೋಡಿದರು, ಮತ್ತೆ ಅವಳನ್ನು. ಮುಖ ಸಡಿಲವಾಯಿತು. "ಹತ್ತು ಹದಿನೈದಾ? ಹಾಗಾದ್ರೆ ಕುಡಿಗಳೇ" ಎಂದರು. "ಪಕ್ಕದಲ್ಲಿ ಕಂದಕ ಏನಾದ್ರೂ ಇತ್ತಾ?" ರಕ್ಷಾ ಹೌದೆಂದು ತಲೆಯಾಡಿಸಿದಳು. ಮೇಡಂ ಕೂತರು. ನಗುವ ಹಾಗೆ ಕಂಡಿತು. "ಬರೆದಿದ್ದು ತಪ್ಪು ರಕ್ಷಾ, ದೊಡ್ಡ ತಪ್ಪು. ಅದನ್ನ ಆಮೇಲೆ ಮಾತಾಡೋಣ. ಆದರೆ ನೋಡು, ಯಾರಿಗೂ ಗೊತ್ತಿಲ್ಲದೆ ಒಂದೇ ಮರದ ಹನ್ನೊಂದು ಕುಡಿ ಲ್ಯಾಬಿಗೆ ಬಂದಿದೆ, ವಂಶದ ಗುರುತು ಓದೋ ನಮ್ಮ ಮಾರ್ಕರ್ ಹನ್ನೊಂದನ್ನೂ ಒಂದೇ ಅಂತ ಹಿಡಿದಿದೆ. ಇಂಥ ಪರೀಕ್ಷೆ ಬೇಕು ಅಂದ್ರೂ ಸಿಗ್ತಿರ್ಲಿಲ್ಲ. ಇದನ್ನ ಬರೀಬೇಕು. ನೀನೇ ಬರಿ." ಹೇಳಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ಇತ್ತು.

ಬಿಂದುಶ್ರೀ ಆ ಕೈಯನ್ನೇ ನೋಡಿದಳು. ಸಣ್ಣ ಉಗುರು, ಶಾಯಿಯ ಕಲೆ, ಹಸಿರು ನರ. ತನ್ನ ಮೇಲಿನ ಅನುಮಾನ ಹೋಯಿತು, ಹಗುರಾಗಬೇಕಿತ್ತು; ಆಗಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವಳೇ ಮೊದಲು. ಅಳುವುದರಲ್ಲೂ. ಸುಳ್ಳು ಬರೆದವಳಿಗೆ ಸುಳ್ಳಿನಿಂದಲೇ ಒಂದು ಹೊಸ ವಿಷಯ ಸಿಕ್ಕಿತು, ಅದಕ್ಕೆ ಅವಳ ಹೆಸರು ಬೀಳುತ್ತದೆ. ಯಾರಿಗೂ ಗೊತ್ತಿಲ್ಲದೆ ಎಂದರು ಮೇಡಂ. ಯಾರಿಗೂ. ತಾಮ್ರದ ಚಿಗುರನ್ನು ಕಂಡದ್ದು ಯಾರು, ಸೊಟ್ಟ ಎಲೆಯನ್ನು ಬಗ್ಗಿಸಿ ನೋಡಿದ್ದು ಯಾರು? ಲ್ಯಾಬು ಐದು ವಾರ ತೆಗೆದುಕೊಂಡು ಕಂಡುಹಿಡಿದದ್ದನ್ನು ಅವಳು ಕತ್ತೆತ್ತಿ ನೋಡಿದಷ್ಟರಲ್ಲಿ ಕಂಡಿದ್ದಳು. ಈಗ ಅದೂ ಆ ಹುಡುಗಿಯದಾಗುತ್ತಿದೆ, ಪೆನ್ಸಿಲಿನ ಹಾಗೆ, ಜೀಪಿನ ಸೀಟಿನ ಹಾಗೆ. ಬಾಯಿ ತಾನಾಗಿ ತೆರೆಯಿತು.

"ನಂಗ್ ಗೊತ್ತಿತ್ತು."

ಮೂವರೂ ತಿರುಗಿದರು.

"ಅವು ಹನ್ನೊಂದೂ ಒಂದೇ ಮರ ಅಂತ ನಂಗ್ ಗೊತ್ತಿತ್ತು ಮೇಡಂ. ಒಂದೇ ದಿನ ಚಿಗುರಿದ್ವು. ಒಂದೇ ಬಣ್ಣ. ತುದಿ ಎಲೆ ಎಲ್ಲಾದ್ರದ್ದೂ ಬಲಕ್ಕೆ ಸೊಟ್ಟ. ಅಗಳ ತೋಡಿದಾಗ ಬೇರು ಕಡ್ದು ಕುಡಿ ಎದ್ದಿದ್ದು. ನಾ ಹೆಜ್ಜೆನೂ ಎಣಿಸಿದೀನಿ, ಹದಿನಾಲ್ಕು, ಹನ್ನೆರಡು, ಹದಿನಾರು..." ಇಷ್ಟು ಉದ್ದ ಮಾತನ್ನು ಅವಳು ಈ ಕೋಣೆಯಲ್ಲಿ ಆಡಿದ್ದು ಇದೇ ಮೊದಲು. ಮೇಡಂ ಕಣ್ಣಲ್ಲಿ ಏನೋ ಹೊಳೆಯಿತು. ಅದೇ, ಮೊದಲ ವರ್ಷದ ಹೊಳಪು. ಅವಳು ಅದನ್ನು ನೋಡಿದಳು, ಖಂಡಿತ ನೋಡಿದಳು. ಆಮೇಲೆ ಅದು ನಿಧಾನವಾಗಿ ಆರಿತು.

"ಅವತ್ತೇ ಗೊತ್ತಿತ್ತಾ?"

"ಹೂಂ."

"ಐವತ್ತು ಅಂತ ಬರೆದದ್ದೂ?"

ಬಿಂದುಶ್ರೀಯ ತಲೆ ತಗ್ಗಿತು, ಅದೇ ಉತ್ತರವಾಯಿತು.

"ಯಾಕೆ ಹೇಳ್ಲಿಲ್ಲ ಬಿಂದು?" ಬೈಗುಳದ ಧ್ವನಿಯಲ್ಲ. ಬೈದಿದ್ದರೆ ಅವಳಿಗೆ ಅಳು ಬರುತ್ತಿತ್ತು, ಅತ್ತರೆ ಏನಾದರೂ ಆಗುತ್ತಿತ್ತು. ನೀವು ಕೇಳಲಿಲ್ಲ, ಸುಸ್ತಾಗಿತ್ತು, ಮಾತು ಬರಲಿಲ್ಲ ಎಂದು ಏನಾದರೂ ಹೇಳಬಹುದು, ನಂಬುತ್ತಾರೆ, ಮಾತು ಬಾರದವಳೆಂದು ಎಲ್ಲರಿಗೂ ಗೊತ್ತು. ಆದರೆ ರಕ್ಷಾ ಅವಳನ್ನೇ ನೋಡುತ್ತಿದ್ದಳು, ಒದ್ದೆ ಕಣ್ಣಿನಿಂದ. ಆ ಕಣ್ಣಿನಲ್ಲಿ ಕೋಪ ಇರಲಿಲ್ಲ. ಅರ್ಥವಾದದ್ದು ಇತ್ತು. ಯಾಕೆ ಹೇಳಲಿಲ್ಲ ಎಂದು ಈ ಕೋಣೆಯಲ್ಲಿ ರಕ್ಷಾಳಿಗೆ ಗೊತ್ತಾಯಿತು, ಪೂರ್ತಿ, ಬುಡದವರೆಗೆ. ಬಟ್ಟೆಯೆಲ್ಲ ಕಳಚಿ ನಿಲ್ಲಿಸಿದ ಹಾಗೆ ಬಿಂದುಶ್ರೀ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಕಾಂತರಾಜ ಏನೋ ತಮಾಷೆ ಹುಡುಕಿ ಸಿಗದೆ ಕೆಮ್ಮಿದ.

ಮೇಡಂ ಕಾಗದ ಮಡಿಸಿದರು. ಇವತ್ತೇ ನಿಟ್ಟೂರಿಗೆ ಹೋಗಿ ಮರಗಳನ್ನು ಅಳೆದು, ಬೇರೆ ಹತ್ತು ಬೀಟೆ ಹುಡುಕಬೇಕು ಎಂದರು. ಮಳೆಗೆ ಮುಂಚೆ ಮುಗಿಯಬೇಕು. ರಕ್ಷಾ ಮುಖ ತೊಳೆದು ಬಂದಳು. ಕಾಂತರಾಜ ದೋಟಿ ಹೊತ್ತ. ಬಿಂದುಶ್ರೀ ಅಭ್ಯಾಸದಂತೆ ಹರಳಿನ ಡಬ್ಬಿಗೆ ಕೈ ಹಾಕಿದಾಗ ಮೇಡಂ, "ಅದನ್ನ ರಕ್ಷಾ ತರ್ತಾಳೆ" ಎಂದು ಮೆತ್ತಗೆ ಹೇಳಿ ಮೆಟ್ಟಿಲಿಳಿದರು. ಅವಳು ಒಂದು ನಿಮಿಷ ಖಾಲಿ ಕೋಣೆಯಲ್ಲಿ ನಿಂತಳು. ಆಮೇಲೆ ಬರಿಗಾಲಲ್ಲೇ ಓಡಿದಳು. ರಸ್ತೆಯ ಟಾರು ಸುಡುತ್ತಿತ್ತು. ಜೀಪಿನ ಬಾಗಿಲು ಹಾಕಿಯಾಗಿತ್ತು. ಮೇಡಂ ಫೋನಿನಲ್ಲಿ ನಕ್ಷೆ ನೋಡುತ್ತಿದ್ದರು, ಪಕ್ಕದಲ್ಲಿ ರಕ್ಷಾ ತೊಡೆಯ ಮೇಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೇರಕ್ಕೆ ನೋಡುತ್ತ ಕೂತಿದ್ದಳು. ಕಾಂತರಾಜ ಕನ್ನಡಿಯಲ್ಲಿ ಇವಳನ್ನು ಕಂಡು ಕಣ್ಣು ತಪ್ಪಿಸಿದ. ಹಾರ್ಡ್‌ವೇರ್ ಅಂಗಡಿಗೆ ಬಂದವರು ನೋಡುತ್ತಿದ್ದರು. ಬಿಂದುಶ್ರೀ ಅರ್ಧ ಇಳಿಸಿದ ಗಾಜಿನ ಅಂಚು ಹಿಡಿದುಕೊಂಡಳು.

"ಮೇಡಂ, ನನ್ನೂ ಕರ್ಕೊಂಡ್ ಹೋಗಿ" ಎಂದಳು.

ಯಾರೂ ತಿರುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದಳು.

"ಹಿಂದೆ ಕೂತ್ಕೊಳ್ತೀನಿ. ನನ್ನೂ ಕರ್ಕೊಂಡ್ ಹೋಗಿ."